ಸಾವಿರ ಸರ್ವರುಗಳ ಲಾಗಿನ್ ನಿಯಮ

ಲಿನಕ್ಸ್ ಸರ್ವರಿಗೆ ಯಾರಾದರೂ ಲಾಗಿನ್ ಆಗುವಾಗ ಪಾಸ್‌ವರ್ಡ್ ಸರಿಯೇ ತಪ್ಪೇ ಎಂದು ತೀರ್ಮಾನಿಸುವುದು ಲಾಗಿನ್ ಪ್ರೋಗ್ರಾಂ ಅಲ್ಲ. ದೂರದಿಂದ ಬರುವವರನ್ನು ಎದುರುಗೊಳ್ಳುವ ಎಸ್‌ಎಸ್‌ಎಚ್, ಒಳಗಿರುವವರಿಗೆ ಹೆಚ್ಚಿನ ಅಧಿಕಾರ ಕೊಡುವ ಸುಡೊ, ಯಂತ್ರದ ಮುಂದೆಯೇ ಕೂತವರಿಗೆ ಕಾಣುವ ಲಾಗಿನ್ ಪರದೆ, ಇವೆಲ್ಲವೂ ಪಾಸ್‌ವರ್ಡನ್ನು ಪ್ಯಾಮ್ ಎಂಬ ಒಂದೇ ವ್ಯವಸ್ಥೆಗೆ ಒಪ್ಪಿಸಿ ಉತ್ತರಕ್ಕೆ ಕಾಯುತ್ತವೆ. ಪ್ಲಗಬಲ್ ಅಥೆಂಟಿಕೇಶನ್ ಮಾಡ್ಯೂಲ್ಸ್ ಎಂಬುದು ಅದರ ಪೂರ್ಣ ಹೆಸರು.

ಮೊದಲು ಹೀಗಿರಲಿಲ್ಲ. ಹಳೆಯ ಯುನಿಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಮೂ ತಾನೇ ಪಾಸ್‌ವರ್ಡ್ ಕಡತ ತೆರೆದು ಹೋಲಿಸಿ ನೋಡುತ್ತಿತ್ತು. ಕರ್ಬರಾಸ್, ಸ್ಮಾರ್ಟ್ ಕಾರ್ಡಿನಂಥ ಹೊಸ ಪರೀಕ್ಷೆಗಳು ಬಂದಾಗ ಒಂದೊಂದು ಪ್ರೋಗ್ರಾಮನ್ನೂ ತಿದ್ದಬೇಕಾಯಿತು. 1995ರ ಅಕ್ಟೋಬರಿನಲ್ಲಿ ಸನ್‌ಸಾಫ್ಟ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಶೆಮರ್ಸ್ ಓಪನ್ ಸಾಫ್ಟ್‌ವೇರ್ ಫೌಂಡೇಶನ್ನಿನ ಮುಂದೆ ಬೇರೊಂದು ದಾರಿ ಇಟ್ಟರು: ಪರೀಕ್ಷೆ ಮಾಡುವ ಕೆಲಸವನ್ನು ಪ್ರೋಗ್ರಾಮುಗಳಿಂದ ಕಿತ್ತು ಸಣ್ಣ ಸಣ್ಣ ಮಾಡ್ಯೂಲುಗಳಿಗೆ ಕೊಡುವುದು, ಯಾವ ಮಾಡ್ಯೂಲನ್ನು ಯಾವಾಗ ಕೇಳಬೇಕು ಎಂಬುದನ್ನು ಒಂದು ಪಠ್ಯಕಡತದಲ್ಲಿ ಬರೆದಿಡುವುದು. ಮರುವರ್ಷವೇ ಅದು ರೆಡ್ ಹ್ಯಾಟ್ ಲಿನಕ್ಸಿಗೆ ಬಂತು. ಇಂದು ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಸರ್ವರುಗಳ ಹೊಸ್ತಿಲನ್ನು ಕಾಯುತ್ತಿರುವುದು ಅದೇ.

ಆ ಪಠ್ಯಕಡತಗಳೇ ಈ ಅಧ್ಯಾಯದ ವಿಷಯ.

ಒಂದೊಂದು ಸಾಲಿನಲ್ಲೂ ಮೂರು ಸಂಗತಿಗಳಿರುತ್ತವೆ. ಮೊದಲನೆಯದು ಕೆಲಸದ ಬಗೆ: ಗುರುತು ಪರೀಕ್ಷೆ, ಖಾತೆಗೆ ಈಗ ಒಳಬರಲು ಅನುಮತಿ ಇದೆಯೇ ಎಂಬ ವಿಚಾರಣೆ, ಪಾಸ್‌ವರ್ಡ್ ಬದಲಾವಣೆ, ಒಳಬಂದ ಮೇಲಿನ ಸಿದ್ಧತೆ. ಎರಡನೆಯದು ಆ ಸಾಲಿನ ಉತ್ತರಕ್ಕೆ ಎಷ್ಟು ಬೆಲೆ ಎಂಬುದು. ರಿಕ್ವೈರ್ಡ್ ಎಂದಿದ್ದರೆ ಅಲ್ಲಿ ಗೆಲ್ಲದೆ ಪ್ರವೇಶವಿಲ್ಲ. ಸಫಿಶಿಯೆಂಟ್ ಎಂದಿದ್ದರೆ, ಅಲ್ಲಿಯವರೆಗೆ ಯಾವ ರಿಕ್ವೈರ್ಡ್ ಸಾಲೂ ಸೋತಿರದಿದ್ದಲ್ಲಿ, ಆ ಒಂದು ಗೆಲುವೇ ಸಾಕು, ಮುಂದಿನ ಸಾಲುಗಳನ್ನು ಕೇಳುವುದೇ ಇಲ್ಲ. ಮೂರನೆಯದು ಮಾಡ್ಯೂಲಿನ ಹೆಸರು ಮತ್ತು ಅದಕ್ಕೆ ಕೊಡುವ ಸೂಚನೆಗಳು. ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಹಾಗಾಗಿ ಸಾಲು ಏನು ಹೇಳುತ್ತದೆ ಎಂಬುದರಷ್ಟೇ ಅದು ಎಲ್ಲಿ ನಿಂತಿದೆ ಎಂಬುದೂ ಮುಖ್ಯ. ಪ್ಯಾಮ್ ನಿರ್ವಹಣೆಯ ಕಷ್ಟವೆಲ್ಲ ಹುಟ್ಟುವುದು ಇಲ್ಲಿಂದ.

ಫೇಲ್‌ಲಾಕ್ ಎಂಬ ಮಾಡ್ಯೂಲನ್ನೇ ನೋಡಬಹುದು. ಪಾಸ್‌ವರ್ಡ್ ಊಹಿಸುತ್ತಾ ಕೂರುವವರನ್ನು ತಡೆಯುವುದು ಅದರ ಕೆಲಸ. ಏನೂ ಹೇಳದೆ ಬಿಟ್ಟರೆ, 15 ನಿಮಿಷದೊಳಗೆ 3 ಬಾರಿ ತಪ್ಪಿದ ಖಾತೆಯನ್ನು ಅದು 10 ನಿಮಿಷ ಮುಚ್ಚಿಡುತ್ತದೆ. ಅದಕ್ಕೆ ಎರಡು ಸಾಲು ಬೇಕು. ಪಾಸ್‌ವರ್ಡ್ ಪರೀಕ್ಷಿಸುವ ಯುನಿಕ್ಸ್ ಮಾಡ್ಯೂಲಿಗಿಂತ ಮೊದಲಿನ ಸಾಲು ಈ ಖಾತೆ ಈಗಾಗಲೇ ಮುಚ್ಚಿದೆಯೇ ಎಂದು ನೋಡುತ್ತದೆ. ನಂತರದ ಸಾಲು ತಪ್ಪನ್ನು ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಈಗ ಯಾರೋ ಮೊದಲ ಸಾಲನ್ನು ಸಫಿಶಿಯೆಂಟ್ ಎಂದಿರುವ ಯುನಿಕ್ಸ್ ಮಾಡ್ಯೂಲಿನ ಕೆಳಗೆ ಬರೆದರು ಎನ್ನೋಣ. ಊಹೆ ಮಾಡುತ್ತಿರುವವನ ಸೋಲುಗಳು ಒಂದೊಂದಾಗಿ ದಾಖಲಾಗುತ್ತವೆ, ಖಾತೆ ಮುಚ್ಚಿದೆ ಎಂದು ದಾಖಲೆ ಹೇಳುತ್ತದೆ, ಆದರೆ ಸರಿಯಾದ ಪಾಸ್‌ವರ್ಡ್ ಸಿಕ್ಕ ಕ್ಷಣ ಅವನು ಒಳಗಿರುತ್ತಾನೆ. ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗದು. ಕಡತದಲ್ಲಿ ಫೇಲ್‌ಲಾಕ್ ಇದೆಯೇ ಎಂದಷ್ಟೇ ಹುಡುಕುವ ಲೆಕ್ಕಪರಿಶೋಧಕರಿಗೆ ಆ ಹೆಸರು ಸಿಗುತ್ತದೆ, ಅವರು ಸರಿ ಎಂದು ಗುರುತು ಹಾಕಿ ಹೋಗುತ್ತಾರೆ.

ಡೆಬಿಯನ್ ಮತ್ತು ಉಬುಂಟುವಿನಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿನ ಸಾಮಾನ್ಯ ಕಡತದಲ್ಲಿ ಯುನಿಕ್ಸ್ ಮಾಡ್ಯೂಲ್ ಗೆದ್ದರೆ ಮುಂದಿನ 1 ಸಾಲನ್ನು ಹಾರಿ ಹೋಗು ಎಂದು ಬರೆದಿರುತ್ತದೆ. ಹಾರಬೇಕಾದ ಆ ಸಾಲು ಎಲ್ಲರನ್ನೂ ನಿರಾಕರಿಸುವ ಡಿನೈ ಮಾಡ್ಯೂಲಿನದು. ಇವೆರಡರ ನಡುವೆ ಹೊಸ ಸಾಲೊಂದನ್ನು ತೂರಿಸಿದರೆ ಹಾರುವ ಲೆಕ್ಕ ತಪ್ಪುತ್ತದೆ. ಪಾಸ್‌ವರ್ಡ್ ಸರಿಯಾಗಿ ಕೊಟ್ಟವರು ಹೊಸ ಸಾಲನ್ನು ದಾಟಿ ನೇರವಾಗಿ ಡಿನೈ ಮೇಲೆ ಬಂದು ಬೀಳುತ್ತಾರೆ, ಯಾರೂ ಒಳಬರಲಾರರು.

ಒಂದೇ ಯಂತ್ರವಿದ್ದರೆ ಒಬ್ಬ ಎಚ್ಚರದ ಅಡ್ಮಿನ್ ಇದನ್ನೆಲ್ಲ ಕೈಯಲ್ಲೇ ನಿಭಾಯಿಸಬಲ್ಲರು. ಆದರೆ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಅದೂ ಎಲ್ಲ ಯಂತ್ರಗಳಲ್ಲಿ ಒಟ್ಟಿಗೆ. ಕಾರ್ಡ್ ಪಾವತಿ ಸಂಸ್ಥೆಗಳು ಪಾಲಿಸಬೇಕಾದ ಪಿಸಿಐ ಡಿಎಸ್‌ಎಸ್ ಮಾನದಂಡವು ಖಾತೆ ಮುಚ್ಚುವ ಮುನ್ನ ಹೆಚ್ಚೆಂದರೆ 6 ತಪ್ಪು ಯತ್ನಗಳಿಗೆ ಅವಕಾಶ ಕೊಟ್ಟಿತ್ತು; 2022ರಲ್ಲಿ ಬಂದ 4.0 ಆವೃತ್ತಿ ಅದನ್ನು 10ಕ್ಕೆ ಏರಿಸಿತು, ಪಾಸ್‌ವರ್ಡಿನ ಕನಿಷ್ಠ ಉದ್ದವನ್ನು 7ರಿಂದ 12 ಅಕ್ಷರಕ್ಕೆ ಒಯ್ದಿತು. ಮಾಡ್ಯೂಲುಗಳೂ ಬರುತ್ತವೆ, ಹೋಗುತ್ತವೆ. ತಪ್ಪು ಎಣಿಸಲು ವರ್ಷಗಟ್ಟಲೆ ಬಳಕೆಯಲ್ಲಿದ್ದ ಟ್ಯಾಲಿ2 ಮಾಡ್ಯೂಲನ್ನು 2020ರಲ್ಲಿ ಲಿನಕ್ಸ್-ಪ್ಯಾಮ್ ಯೋಜನೆ ಕೈಬಿಟ್ಟಿತು. ಹಳೆಯ ಕಡತದಲ್ಲಿ ಅದರ ಹೆಸರು ರಿಕ್ವೈರ್ಡ್ ಎಂದು ಉಳಿದಿದ್ದು, ತಂತ್ರಾಂಶ ಮಾತ್ರ ಹೊಸದಾದರೆ, ಪ್ಯಾಮ್ ಇಲ್ಲದ ಮಾಡ್ಯೂಲನ್ನು ಸೋಲೆಂದೇ ಎಣಿಸುತ್ತದೆ. ಆಗ ಆ ಸರ್ವರಿಗೆ ಯಾರೂ ಪಾಸ್‌ವರ್ಡ್ ಕೊಟ್ಟು ಒಳಹೋಗುವಂತಿಲ್ಲ.

ಯಂತ್ರಗಳ ಕೈಗೆ ಈ ಕೆಲಸ ಒಪ್ಪಿಸುವ ಮೊದಲ ಪ್ರಯತ್ನಗಳು ಒರಟಾಗಿದ್ದವು. ಸೆಡ್ ಎಂಬ ಪಠ್ಯ ತಿದ್ದುವ ಆಜ್ಞೆಯನ್ನು ಒಂದು ಸ್ಕ್ರಿಪ್ಟಿನಲ್ಲಿಟ್ಟು ಎಲ್ಲ ಸರ್ವರುಗಳ ಮೇಲೆ ಓಡಿಸುವುದು ರೂಢಿಯಾಗಿತ್ತು. ಈಗಲೂ ಎಷ್ಟೋ ಕಡೆ ಇದೆ. ಸೆಡ್‌ಗೆ ಅಕ್ಷರ ಗೊತ್ತು, ಪ್ಯಾಮ್ ಗೊತ್ತಿಲ್ಲ. ಕಡತದ ಕೊನೆಗೆ ಸಾಲು ಸೇರಿಸುವ ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದರೆ ಸಾಲೂ ಎರಡಾಗುತ್ತದೆ. ಬೇಕಾದ ಸ್ಥಿತಿಯನ್ನು ಹೇಳು, ಎಷ್ಟು ಸಲ ಓಡಿಸಿದರೂ ಫಲ ಒಂದೇ ಇರಲಿ ಎಂಬ ವಿಚಾರಕ್ಕೆ ಮಾರ್ಕ್ ಬರ್ಜೆಸ್ 1993ರಲ್ಲಿ ಓಸ್ಲೊದಲ್ಲಿ ಆರಂಭಿಸಿದ ಸಿಎಫ್‌ಎಂಜಿನ್ ಎಂಬ ತಂತ್ರಾಂಶ ಬುನಾದಿ ಹಾಕಿತು. 2005ರಲ್ಲಿ ಪಪೆಟ್, 2012ರಲ್ಲಿ ಆನ್ಸಿಬಲ್ ಅದೇ ಹಾದಿಯಲ್ಲಿ ಬಂದವು.

ಆನ್ಸಿಬಲ್‌ನಲ್ಲಿರುವ ಪ್ಯಾಮ್‌ಡಿ ಎಂಬ ಉಪಕರಣ ಸಾಲನ್ನು ಬರಿಯ ಅಕ್ಷರಗಳೆಂದು ನೋಡದೆ ನಿಯಮವೆಂದೇ ನೋಡುತ್ತದೆ. ಗುರುತು ಪರೀಕ್ಷೆಯ ಬಗೆಯ, ಸಫಿಶಿಯೆಂಟ್ ಎಂದಿರುವ ಯುನಿಕ್ಸ್ ಸಾಲನ್ನು ಹುಡುಕು, ಅದಕ್ಕಿಂತ ಮೊದಲು ಈ ಫೇಲ್‌ಲಾಕ್ ಸಾಲು ಇರಲಿ ಎಂದು ಹೇಳಿದರೆ ಸಾಕು. ಈಗಾಗಲೇ ಇದ್ದರೆ ಅದು ಏನನ್ನೂ ಮುಟ್ಟುವುದಿಲ್ಲ. ಪೂರ್ತಿ ಸಾಲು ಬದಲಿಸದೆ ಒಂದು ಸೂಚನೆಯನ್ನಷ್ಟೇ ಸೇರಿಸಲೂ ತೆಗೆಯಲೂ ಅದಕ್ಕೆ ಬರುತ್ತದೆ. ಹಳೆಯದು ಹೊಸದು ಬೆರೆತ ಸರ್ವರ್ ಹಿಂಡಿಗೆ ಇದು ಒಳ್ಳೆಯ ಸಾಧನ.

ಆದರೂ ಹೊಸ ವ್ಯವಸ್ಥೆ ಕಟ್ಟುವವರು ಸಾಲು ತಿದ್ದುವ ಮಟ್ಟಕ್ಕೇ ಇಳಿಯದಿರುವುದು ಮೇಲು. ಡೆಬಿಯನ್ ಬಳಗದ ಪ್ಯಾಮ್-ಆಥ್-ಅಪ್‌ಡೇಟ್ ಪ್ರತಿ ಮಾಡ್ಯೂಲಿಗೂ ಒಂದು ಪುಟ್ಟ ವಿವರಣೆ ಇಟ್ಟುಕೊಂಡು, ಕಡತವನ್ನು ತಾನೇ ಜೋಡಿಸಿ, ಹಾರಬೇಕಾದ ಸಾಲುಗಳ ಲೆಕ್ಕವನ್ನೂ ತಾನೇ ಹಾಕುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ 2018ರ ಫೆಡೋರ 28ರಿಂದ ಆಥ್‌ಸೆಲೆಕ್ಟ್ ಇದೆ. ಅಲ್ಲಿ ಅಡ್ಮಿನ್ ಸಾಲು ಬರೆಯುವುದಿಲ್ಲ. ಎಸ್‌ಎಸ್‌ಎಸ್‌ಡಿ ಎಂಬ ಸಿದ್ಧ ಪ್ರೊಫೈಲ್ ಬೇಕು, ಜೊತೆಗೆ ಫೇಲ್‌ಲಾಕ್ ಬೇಕು ಎಂದು ತಿಳಿಸುತ್ತಾರೆ, ಮೊದಲೇ ಪರೀಕ್ಷೆಗೊಳಪಟ್ಟ ಕ್ರಮದಲ್ಲಿ ಕಡತ ತಯಾರಾಗುತ್ತದೆ. ಯಾರಾದರೂ ಕೈಯಾಡಿಸಿದ್ದರೆ ಅದರ ಚೆಕ್ ಆಜ್ಞೆ ಹೇಳಿಬಿಡುತ್ತದೆ. ಇಲ್ಲಿ ಹಳೆಯ ಚಾಳಿಯ ಸೆಡ್ ಸ್ಕ್ರಿಪ್ಟ್ ಓಡಿಸಿದರೆ ಎರಡು ಪಟ್ಟು ಹಾನಿ. ಪ್ಯಾಮ್ ಕಡತಗಳು ಆಥ್‌ಸೆಲೆಕ್ಟ್ ಇಟ್ಟುಕೊಂಡ ಕಡತಗಳಿಗೆ ಬರಿಯ ಕೊಂಡಿಗಳು. ಸೆಡ್ ಆ ಕೊಂಡಿಯನ್ನೇ ಮುರಿದು ಅದರ ಜಾಗದಲ್ಲಿ ಬೇರೆ ಕಡತ ಕೂರಿಸುತ್ತದೆ.

ಇನ್ನು ಯಂತ್ರದಿಂದ ಯಂತ್ರಕ್ಕೆ ಹಂಚುವ ಮಾತು. ಪ್ಯಾಮ್ ತನ್ನ ಕಡತವನ್ನು ಪ್ರತಿ ಲಾಗಿನ್‌ಗೂ ಹೊಸದಾಗಿ ಓದುತ್ತದೆ. ಸೇವೆಯನ್ನು ಮತ್ತೆ ಶುರು ಮಾಡಬೇಕಿಲ್ಲ, ಕಡತ ಉಳಿಸಿದ ಕ್ಷಣದಿಂದಲೇ ಹೊಸ ನಿಯಮ ಜಾರಿ. ಮೇಲಾಗಿ ಆನ್ಸಿಬಲ್ ಒಳಬರುವುದು ಎಸ್‌ಎಸ್‌ಎಚ್ ಮೂಲಕ, ಅಧಿಕಾರ ಪಡೆಯುವುದು ಸಾಮಾನ್ಯವಾಗಿ ಸುಡೊದಿಂದ. ಎರಡೂ ಪ್ಯಾಮ್‌ಗೆ ಒಳಪಟ್ಟಿವೆ. ಸುಡೊದ ಕಡತ ಕೆಟ್ಟರೆ ಅದನ್ನು ಸರಿಪಡಿಸಲು ಆನ್ಸಿಬಲ್‌ಗೆ ದಾರಿಯೇ ಇರುವುದಿಲ್ಲ. ಪಪೆಟ್ ಈ ಬಾಬತ್ತಿನಲ್ಲಿ ಗಟ್ಟಿ: ಅದರ ಏಜೆಂಟ್ ಸರ್ವರಿನೊಳಗೇ ರೂಟ್ ಅಧಿಕಾರದಲ್ಲಿ ಕೂತಿದ್ದು, ಬೇರೆ ಸೂಚನೆ ಇಲ್ಲದಿದ್ದರೆ 30 ನಿಮಿಷಕ್ಕೊಮ್ಮೆ ತಾನೇ ಹೋಗಿ ನಿಯಮ ಕೇಳಿ ತರುತ್ತದೆ. ಲಾಗಿನ್ ಪೂರ್ತಿ ಮುಚ್ಚಿದ್ದರೂ ತಿದ್ದುಪಡಿ ಅದಕ್ಕೆ ತಲುಪುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕೂತು ಇನ್ನೊಂದು ಖಂಡದ ಸರ್ವರುಗಳನ್ನು ನೋಡಿಕೊಳ್ಳುವ ತಂಡಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಎದ್ದು ಹೋಗಿ ಯಂತ್ರದ ಮುಂದೆ ಕೂರುವ ಅನುಕೂಲ ಅವರಿಗಿಲ್ಲ. ಕ್ಲೌಡ್ ಆದರೆ ಸರ್ವರ್ ನಿಲ್ಲಿಸಿ, ಅದರ ಡಿಸ್ಕ್ ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ, ಅಲ್ಲಿ ಕಡತ ತಿದ್ದಿ ಮತ್ತೆ ಮೊದಲಿನ ಜಾಗಕ್ಕೆ ತರಬೇಕಾಗುತ್ತದೆ. ಒಂದಕ್ಕೆ ಹೀಗೆ ಮಾಡಬಹುದು. ನೂರಕ್ಕೆ?

ಆದ್ದರಿಂದ ಅನುಭವಿ ತಂಡಗಳು ಮೊದಲು ಆನ್ಸಿಬಲ್‌ನ ಚೆಕ್ ಮತ್ತು ಡಿಫ್ ಆಯ್ಕೆಗಳಲ್ಲಿ ಏನು ಬದಲಾಗಲಿದೆ ಎಂದು ಓದಿಕೊಳ್ಳುತ್ತವೆ. ಆಮೇಲೆ ಒಂದೇ ಸರ್ವರಿನಲ್ಲಿ ಬದಲಿಸಿ, ತೆರೆದಿರುವ ರೂಟ್ ಸೆಶನ್ ಮುಚ್ಚದೆ, ಬೇರೆ ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡುತ್ತವೆ. ಈಗಾಗಲೇ ಒಳಗಿರುವವರನ್ನು ಹೊಸ ನಿಯಮ ಹೊರಹಾಕುವುದಿಲ್ಲ, ಹಾಗಾಗಿ ಆ ತೆರೆದ ಸೆಶನ್ ತಪ್ಪು ತಿದ್ದಲು ಉಳಿದ ದಾರಿ. ಪ್ಯಾಮ್‌ಟೆಸ್ಟರ್ ಎಂಬ ಪುಟ್ಟ ಪ್ರೋಗ್ರಾಂ ನಿಜವಾಗಿ ಲಾಗಿನ್ ಆಗದೆಯೇ ಇಡೀ ಸರಣಿಯನ್ನು ಓಡಿಸಿ ಫಲಿತಾಂಶ ಹೇಳುತ್ತದೆ. ಸರಿಯಾದ ಪಾಸ್‌ವರ್ಡಿಗೆ ಒಪ್ಪಿಗೆ ಸಿಗುತ್ತದೆಯೇ ಎಂದಷ್ಟೇ ಅಲ್ಲ, ಮುಚ್ಚಿದ ಖಾತೆಗೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ನಿರಾಕರಣೆ ಬರುತ್ತದೆಯೇ ಎಂದೂ ಅದರಲ್ಲಿ ನೋಡಬೇಕು. ಉಳಿದ ಸರ್ವರುಗಳ ಸರದಿ ಬರುವುದು ಅನಂತರ, ಸೀರಿಯಲ್ ಆಯ್ಕೆಯಲ್ಲಿ ಐದೋ ಹತ್ತೋ ಯಂತ್ರಗಳ ಕಂತುಗಳಾಗಿ. ಒಂದು ಕಂತು ಸೋತರೆ ಮುಂದಿನದು ಶುರುವಾಗುವುದಿಲ್ಲ.

ಪಾಸ್‌ವರ್ಡ್ ಬಿಟ್ಟು ಎಸ್‌ಎಸ್‌ಎಚ್ ಕೀ ಬಳಸುವ ಕಡೆ ಇನ್ನೊಂದು ಸಂಗತಿ ಗಮನದಲ್ಲಿರಬೇಕು. ಕೀಯನ್ನು ಪರೀಕ್ಷಿಸುವುದು ಎಸ್‌ಎಸ್‌ಎಚ್ ತಾನೇ. ಆಗ ಪ್ಯಾಮ್‌ನ ಗುರುತು ಪರೀಕ್ಷೆಯ ಸಾಲುಗಳು ಓಡುವುದೇ ಇಲ್ಲ, ಫೇಲ್‌ಲಾಕ್‌ನ ಬೀಗ ಕೀ ತಂದವರನ್ನು ತಡೆಯುವುದಿಲ್ಲ. ಖಾತೆ ಮತ್ತು ಸೆಶನ್‌ನ ಸಾಲುಗಳು ಮಾತ್ರ, ಎಸ್‌ಎಸ್‌ಎಚ್‌ನಲ್ಲಿ ಪ್ಯಾಮ್ ಬಳಕೆ ಚಾಲೂ ಇದ್ದರೆ, ಎಂದಿನಂತೆ ಓಡುತ್ತವೆ. ಕೆಲಸ ಬಿಟ್ಟು ಹೋದವರ ಖಾತೆಯ ಅವಧಿ ಮುಗಿಸುವುದು, ಯಾವ ಗುಂಪಿನವರು ಯಾವ ಸರ್ವರಿಗೆ ಬರಬಹುದು ಎಂದು ಆಕ್ಸೆಸ್ ಮಾಡ್ಯೂಲಿನಲ್ಲಿ ಬರೆಯುವುದು, ಇವನ್ನು ಆ ಸಾಲುಗಳಲ್ಲೇ ಮಾಡಬೇಕು. ಯಾರ ಕೀ ಎಲ್ಲಿದೆ ಎಂಬ ಪಟ್ಟಿಯನ್ನು ಅದೇ ಆನ್ಸಿಬಲ್ ಅಥವಾ ಪಪೆಟ್ ಕಡತಗಳಲ್ಲಿ ಪ್ಯಾಮ್ ನಿಯಮಗಳ ಜೊತೆಯಲ್ಲೇ ಇಡಬೇಕು.