ಮರದ ಮೇಲೆ ಅಡ್ಡಬಿಲ್ಲು ಬಿಗಿಯುವ ಬಗೆ

ಅಮೆರಿಕದ ಪೂರ್ವ ಮತ್ತು ಮಧ್ಯಪಶ್ಚಿಮ ರಾಜ್ಯಗಳಲ್ಲಿ ಎಲೆ ಉದುರುವ ಕಾಲವೆಂದರೆ ಬಿಳಿಬಾಲದ ಜಿಂಕೆಯ ಬೇಟೆಯ ಕಾಲ. ಪರವಾನಗಿ ಪಡೆದ ಬೇಟೆಗಾರರು ನೆಲದಿಂದ ಐದಾರು ಮೀಟರು ಮೇಲೆ ಮರದಲ್ಲಿ ಕಾದಿರುತ್ತಾರೆ. ಅಲ್ಲಿ ಬೇಟೆಯಲ್ಲಿ ಆಗುವ ಗಾಯಗಳಿಗೆ ಮುಖ್ಯ ಕಾರಣಗಳಲ್ಲಿ ಒಂದು ಮರದಿಂದ ಬೀಳುವುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥ ಬೇಟೆಯನ್ನು ನಿಷೇಧಿಸಿದೆ. ಇಲ್ಲಿ ಯಾರೂ ಇದನ್ನು ಮಾಡಕೂಡದು. ಆದರೂ ಈ ವಿಷಯಕ್ಕೆ ಒಂದು ಅಧ್ಯಾಯ ಮೀಸಲಿಡಲು ಕಾರಣವಿದೆ. ಕಾಲಡಿ ಭದ್ರವಾದ ನೆಲವಿಲ್ಲದಾಗ ಬಲಪ್ರಯೋಗ ಮಾಡುವುದು ಹೇಗೆಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಮುಂದಿಡುವ ಉದಾಹರಣೆ ಮತ್ತೊಂದು ಸಿಗುವುದು ಕಷ್ಟ.

ಉಪಕರಣಗಳ ಪರಿಚಯ

ಅಡ್ಡಬಿಲ್ಲು, ಅಂದರೆ ಕ್ರಾಸ್‌ಬೋ, ಒಂದು ದಂಡದ ಮೇಲೆ ಅಡ್ಡಲಾಗಿ ಕೂರಿಸಿದ ಬಿಲ್ಲು. ಹೆದೆಯನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿದರೆ ಅದು ಅಲ್ಲೇ ನಿಲ್ಲುತ್ತದೆ, ಟ್ರಿಗರ್ ಒತ್ತಿದಾಗ ಬಿಡುಗಡೆಯಾಗುತ್ತದೆ. ಬಾಣ ಜಾರುವ ತೋಡಿಗೆ ಹಳಿ ಎನ್ನೋಣ. ದಂಡದ ಮೂತಿಯಲ್ಲಿ ಕಾಲು ತೂರಿಸಲು ಇರುವ ಬಳೆ ರಿಕಾಪು. ಹೆದೆ ಎಳೆದು ಸಿಕ್ಕಿಸುವುದು ಬಿಗಿಯುವುದು, ಬಾಣ ಇಡುವುದು ತುಂಬುವುದು. ಇವೆರಡು ಬೇರೆ ಬೇರೆ ಕೆಲಸಗಳು. ಈ ಅಧ್ಯಾಯದ ಅರ್ಧ ಸುರಕ್ಷತೆ ಇವೆರಡನ್ನೂ ಬೇರೆಯಾಗಿಯೇ ಇಡುವುದರಲ್ಲಿದೆ.

ಟ್ರೀ ಸ್ಯಾಡಲ್ ಸೊಂಟ ಮತ್ತು ತೊಡೆಗಳನ್ನು ಹಿಡಿದಿಡುವ ಪಟ್ಟಿಗಳ ಆಸನ. ಸೊಂಟದ ಎರಡು ಬದಿಗಳನ್ನು ಕೂಡಿಸುವ ಗಟ್ಟಿ ಹಗ್ಗ ಬ್ರಿಡ್ಜ್. ಅದನ್ನು ಕಾಂಡಕ್ಕೆ ಸುತ್ತಿದ ಇನ್ನೊಂದು ಹಗ್ಗಕ್ಕೆ, ಅಂದರೆ ಟೆದರ್‌ಗೆ, ಕೊಂಡಿ ಹಾಕಿರುತ್ತಾರೆ. ಬೇಟೆಗಾರ ಕಾಂಡಕ್ಕೆ ಮುಖಮಾಡಿ ಚಿಕ್ಕದೊಂದು ಕಾಲುಮಣೆಯ ಮೇಲೆ ಪಾದವೂರಿ ಹಿಂದಕ್ಕೆ ಒರಗುತ್ತಾನೆ. ಬೆನ್ನ ಹಿಂದೆ ಏನೂ ಇರುವುದಿಲ್ಲ. ಎದೆಯ ಮುಂದೆ ಎರಡು ಹಗ್ಗಗಳಿರುತ್ತವೆ. ಅವನ ಪ್ರಾಣ ಅವುಗಳ ಮೇಲಿರುತ್ತದೆ.

ಮೊದಲ ಬಾಣಕ್ಕೆ ಮರದ ಮೇಲೆ ಬಿಗಿಯುವ ಕಷ್ಟವಿಲ್ಲ. ನೆಲದ ಮೇಲೇ ಬಿಲ್ಲನ್ನು ಬಿಗಿದು, ಸುರಕ್ಷತಾ ಗುಂಡಿ ಹಾಕಿ, ಬಾಣವಿಡದೆ ಬಿಟ್ಟು, ಮೇಲೆ ಹತ್ತಿ ತಮ್ಮನ್ನು ಕಟ್ಟಿಕೊಂಡ ಮೇಲೆ, ಮೂತಿ ಕೆಳಗಾಗಿರುವಂತೆ ಹಗ್ಗದಿಂದ ಸೇದಿಕೊಳ್ಳುವುದು ಒಪ್ಪಿತ ಕ್ರಮ. ಬಿಗಿದ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಮರ ಹತ್ತಬಾರದು. ತೊಡಕು ಶುರುವಾಗುವುದು ಆ ಬಾಣ ಹೋದ ಮೇಲೆ. ಗುರಿ ತಪ್ಪಿರಬಹುದು, ಅಥವಾ ಗಾಯಗೊಂಡ ಪ್ರಾಣಿ ಕಣ್ಣೆದುರೇ ನಿಂತಿರಬಹುದು. ಅದರ ನರಳಿಕೆ ಬೇಗ ಮುಗಿಸಲು ಎರಡನೆಯ ಬಾಣ ಬೇಕು. ಕೈ ನಡುಗುವ, ಎದೆ ಹೊಡೆದುಕೊಳ್ಳುವ ಆ ಗಳಿಗೆಯಲ್ಲೇ ಅತ್ಯಂತ ಕಠಿಣವಾದ ಕೆಲಸವೂ ಎದುರಾಗುತ್ತದೆ.

ಬಲದ ಸುತ್ತು

ಇಲ್ಲಿ ಹೆಚ್ಚಿನವರು ಎಡವುವುದನ್ನು ನೋಡಿದ್ದೇನೆ. ಒಂದು ಬಿಲ್ಲಿನ ಹೆದೆ ಎಳೆಯಲು 75 ಕಿಲೋ ಬಲ ಬೇಕೆನ್ನಿ. ರಾಟೆಯುಳ್ಳ ಎಳೆಹಗ್ಗ ಅದನ್ನು ಅರ್ಧಕ್ಕಿಳಿಸುತ್ತದೆ. ಹಗ್ಗದ ನಡುಭಾಗ ದಂಡದ ಹಿಂದಿನ ತೋಡಿನಲ್ಲಿ ಕೂರುತ್ತದೆ, ಎರಡು ರಾಟೆಕೊಕ್ಕೆಗಳು ಹೆದೆಯನ್ನು ಹಿಡಿಯುತ್ತವೆ, ಎರಡು ಹಿಡಿಗಳು ಕೈಗೆ ಬರುತ್ತವೆ. ಕೈಗಳು ಎರಡರಷ್ಟು ದೂರ ಎಳೆಯಬೇಕು, ಬಲ ಮಾತ್ರ ಎರಡೂ ಕೈ ಸೇರಿ 37–38 ಕಿಲೋ ಸಾಕು. ರಿಕಾಪಿನಲ್ಲಿ ಪಾದ ತೂರಿಸಿ ಮೇಲಕ್ಕೆ ಎಳೆಯುತ್ತಾರೆ. ಆಗ ಬಹುಮಂದಿ ಕೇಳುವ ಪ್ರಶ್ನೆ: ‘ಮರದ ಮೇಲೆ ಹೀಗೆ ಎಳೆದರೆ ಟೆದರ್ ಮೇಲೆ, ಕಾಲುಮಣೆಯ ಮೇಲೆ ಇನ್ನೂ 38 ಕಿಲೋ ಭಾರ ಬೀಳುವುದಿಲ್ಲವೇ?’

ಬೀಳುವುದಿಲ್ಲ. ಕೈಗಳು ಬಿಲ್ಲನ್ನು ಮೇಲಕ್ಕೆ ಎಳೆಯುತ್ತವೆ, ಪಾದ ಅದೇ ಬಿಲ್ಲನ್ನು ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತದೆ. ಈ ಬಲ ಕೈಯಿಂದ ಭುಜಕ್ಕೆ, ಬೆನ್ನಿಗೆ, ಕಾಲಿಗೆ, ಪಾದಕ್ಕೆ, ಅಲ್ಲಿಂದ ಬಿಲ್ಲಿಗೆ, ಬಿಲ್ಲಿನಿಂದ ಮತ್ತೆ ಕೈಗೆ ಬಂದು ತನ್ನಲ್ಲೇ ಮುಚ್ಚಿಕೊಳ್ಳುತ್ತದೆ. ಕಾಲಡಿ ತಕ್ಕಡಿ ಇಟ್ಟು ನಿಧಾನವಾಗಿ ಎಳೆದರೂ ಮುಳ್ಳು ನಿಮ್ಮ ಮತ್ತು ಬಿಲ್ಲಿನ ತೂಕವನ್ನಷ್ಟೇ ತೋರಿಸುತ್ತದೆ. ತೂಕವೇ ಇಲ್ಲದ ಬಾಹ್ಯಾಕಾಶದಲ್ಲೂ ಬಿಲ್ಲನ್ನು ಹೀಗೆಯೇ ಬಿಗಿಯಬಹುದು! ಇದನ್ನು ಬಲದ ಸುತ್ತು ಎನ್ನೋಣ. ನ್ಯೂಟನ್ನನ ಮೂರನೆಯ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗೆ ಅದರ ನಿಜವಾದ ಸ್ವಾರಸ್ಯ ಸಿಗುವುದು ಇಂಥ ಕಡೆ.

ಹಾಗಿದ್ದರೆ ಅಪಾಯ ಎಲ್ಲಿದೆ? ಸುತ್ತು ಹಠಾತ್ತನೆ ತೆರೆದುಕೊಳ್ಳುವುದರಲ್ಲಿದೆ. ಹಗ್ಗಜಗ್ಗಾಟದಲ್ಲಿ ಎದುರು ತಂಡ ಒಮ್ಮೆಲೇ ಹಗ್ಗ ಬಿಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಪಾದ ರಿಕಾಪಿನಿಂದ ಜಾರಿತೆನ್ನಿ. ಅರ್ಧ ಬಾಗಿದ ಬಿಲ್ಲಿನ ತೋಳುಗಳು ನೇರವಾಗಲು ತವಕಿಸುತ್ತವೆ, ಮೂರು ಕಿಲೋ ತೂಕದ ಬಿಲ್ಲು ಮುಖದತ್ತ ಚಿಮ್ಮುತ್ತದೆ. ಅದುವರೆಗೆ ಮೇಲಕ್ಕೆ ಎಳೆಯುತ್ತಿದ್ದ ಬೆನ್ನಿಗೂ ಭುಜಕ್ಕೂ ತಡೆ ಇಲ್ಲವಾಗಿ ದೇಹ ಹಿಂದಕ್ಕೆ ಎಸೆಯಲ್ಪಡುತ್ತದೆ. ನೆಲದ ಮೇಲಾದರೆ ಎರಡು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳಬಹುದು. ಮರದ ಮೇಲೆ ಹಿಂದೆ ಹೆಜ್ಜೆ ಇಡಲು ಜಾಗವಿಲ್ಲ. ಇನ್ನೊಂದು ಕಾಲು ಊರಿರುವುದು ಅಂಗೈ ಎರಡರಷ್ಟಗಲದ ಮಣೆಯ ಮೇಲೆ. ಅದು ಒದ್ದೆಯಾಗಿದ್ದರೆ ಆ ಕಾಲೂ ಜಾರುತ್ತದೆ. ಆಗ ದೇಹ ಟೆದರ್‌ಗೆ ಜೋತುಬಿದ್ದು ಲೋಲಕದಂತೆ ಕಾಂಡಕ್ಕೆ ಅಪ್ಪಳಿಸುತ್ತದೆ.

ಆದ್ದರಿಂದ ‘ನನಗೆ ಎಳೆಯುವ ಶಕ್ತಿ ಇದೆಯೇ?’ ಎಂದು ಕೇಳಿಕೊಳ್ಳುವುದು ಸಾಲದು. ‘ಈ ಬಲದ ಸುತ್ತು ನನ್ನ ದೇಹದೊಳಗಿಂದ ಹಾದುಹೋಗುತ್ತಿದೆಯೇ?’ ಎಂದು ಕೇಳಿಕೊಳ್ಳಬೇಕು. ಹಾದುಹೋಗುತ್ತಿದ್ದರೆ ಒಂದು ಕೊಂಡಿ ಜಾರಿದರೂ ಏಟು ನಿಮಗೇ ಬೀಳುತ್ತದೆ.

ಕುದುರೆ ಸವಾರರು ಕಂಡುಕೊಂಡ ದಾರಿ

ಈ ಸಮಸ್ಯೆ ಹಳೆಯದು. ಅದನ್ನು ಬಿಡಿಸಿದ ರೀತಿಯೂ ಹಳೆಯದು, ನನಗೆ ಬಹಳ ಪ್ರಿಯವಾದದ್ದು. ಗ್ರೀಕರ ‘ಗ್ಯಾಸ್ಟ್ರಫೆಟಿಸ್’ ಎಂಬ ಬಿಲ್ಲನ್ನು ಅಲೆಕ್ಸಾಂಡ್ರಿಯಾದ ಹೀರೋ ವರ್ಣಿಸಿದ್ದಾನೆ. ಅದರ ಮೂತಿಯನ್ನು ನೆಲಕ್ಕೆ ಊರಿ, ಹಿಂತುದಿಯನ್ನು ಹೊಟ್ಟೆಯಿಂದ ಒತ್ತಿ ಬಿಗಿಯುತ್ತಿದ್ದರು. ಮಧ್ಯಯುಗದ ಯುರೋಪಿನ ಕಾಲಾಳುಗಳು ರಿಕಾಪಿಗೆ ಪಾದ ಕೊಟ್ಟು, ಸೊಂಟಪಟ್ಟಿಯ ಕೊಕ್ಕೆಗೆ ಹೆದೆ ಸಿಕ್ಕಿಸಿ, ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿ ಎಳೆಯುತ್ತಿದ್ದರು. ಇವರೆಲ್ಲರಿಗೂ ಕಾಲಡಿ ನೆಲವಿತ್ತು. ಕುದುರೆಯ ಮೇಲೆ ಕೂತ ಬಿಲ್ಲುಗಾರನಿಗೆ ಅದಿರಲಿಲ್ಲ.

ಅಂಥವನಿಗೆ ಒದಗಿದ್ದು ಕ್ರೇನೆಕ್ವಿನ್, ಹಲ್ಲುಪಟ್ಟಿ ಮತ್ತು ಹಲ್ಲುಚಕ್ರಗಳ ಯಂತ್ರ. ಅದರ ಹಗ್ಗದ ಕುಣಿಕೆಯನ್ನು ದಂಡಕ್ಕೆ ತೊಡಿಸಿ ಅಡ್ಡಮೊಳೆಗೆ ತಾಗಿಸುತ್ತಾರೆ. ಹಲ್ಲುಪಟ್ಟಿಯ ತುದಿಯ ಕೊಕ್ಕೆ ಹೆದೆಯನ್ನು ಹಿಡಿಯುತ್ತದೆ. ಹಿಡಿ ತಿರುಗಿಸಿದಂತೆ ಹೆದೆ ಹಿಂದೆ ಬರುತ್ತದೆ. ಇದರ ಬೆಡಗು ನೋಡಿ: ಹೆದೆಯ ಭಾರೀ ಸೆಳೆತ ಕೊಕ್ಕೆಯಿಂದ ಪಟ್ಟಿಗೆ, ಪಟ್ಟಿಯಿಂದ ಕುಣಿಕೆಗೆ, ಕುಣಿಕೆಯಿಂದ ದಂಡಕ್ಕೆ, ದಂಡದಿಂದ ಬಿಲ್ಲಿಗೆ ಹೋಗಿ ಆಯುಧದೊಳಗೇ ಮುಚ್ಚಿಕೊಳ್ಳುತ್ತದೆ. ಸವಾರನ ಮೈಗೆ ತಾಗುವುದು ಹಿಡಿ ತಿರುಗಿಸುವ ಸಣ್ಣ ಬಲವೊಂದೇ. ಹಂಗೇರಿಯ ದೊರೆ ಮಥಿಯಾಸ್ ಕೊರ್ವಿನಸ್‌ನದೆಂದು ಗುರುತಿಸಲಾದ, 1489ರ ಇಸವಿ ಹೊತ್ತ ಅಡ್ಡಬಿಲ್ಲೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಆ ಊರಿನಲ್ಲಿರುವ ಕನ್ನಡಿಗರು ಮಕ್ಕಳೊಂದಿಗೆ ಆಯುಧಗಳ ಆ ವಿಭಾಗಕ್ಕೆ ಹೋದರೆ ಬಲ ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತೆಂದು ಬೆರಳಿಟ್ಟು ತೋರಿಸಿ. ಬೇಟೆಯ ಮಾತೇ ಎತ್ತದೆ ಒಂದಿಡೀ ಮಧ್ಯಾಹ್ನದ ಪಾಠವಾಗುತ್ತದೆ.

ಇಂದಿನ ಅಡ್ಡಬಿಲ್ಲುಗಳ ದಂಡದೊಳಗೇ ಕೂರಿಸಿದ, ಅಥವಾ ಹಿಂತುದಿಗೆ ಸಿಕ್ಕಿಸುವ ಕ್ರ್ಯಾಂಕ್ ಮಾಡುವುದೂ ಇದನ್ನೇ. ಮರದ ಮೇಲೆ ಎರಡನೆಯ ಸಲ ಬಿಗಿಯಲೇಬೇಕೆಂದಿದ್ದರೆ ಎಳೆಹಗ್ಗಕ್ಕಿಂತ ಕ್ರ್ಯಾಂಕ್ ಮೇಲು ಎನ್ನಲು ಕಾರಣ ಈ ತತ್ವ. ರಿಕಾಪನ್ನು ಪಾದಕ್ಕೆ ತಾಗಿಸುವುದು ಬಿಲ್ಲು ಓಲಾಡದಿರಲಿ ಎಂದಷ್ಟೆ. ಇನ್ನೊಂದು ಲಾಭವೂ ಉಂಟು. ಹೆದೆ ನಟ್ಟನಡುವೆ ಹಿಡಿಯದೆ ಕೆಲವು ಮಿಲಿಮೀಟರು ಅತ್ತಿತ್ತ ಸರಿದರೂ ಬಾಣ ಗುರಿಯಿಂದ ಸರಿಯುತ್ತದೆ. ಸ್ಯಾಡಲ್‌ನಲ್ಲಿ ಮೈ ತಿರುಚಿ ಎಳೆಯುವಾಗ ಒಂದು ಕೈ ಮುಂದಾಗುವುದು ಸಹಜ. ಕ್ರ್ಯಾಂಕ್‌ನ ಪಟ್ಟಿ ನಡುವಿನಿಂದಲೇ ಎಳೆಯುವುದರಿಂದ ಆ ವ್ಯತ್ಯಾಸ ಬರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಹಳೆಯ ಮಾದರಿಯ ಕೆಲವು ಕ್ರ್ಯಾಂಕ್‌ಗಳಲ್ಲಿ ಹಿಡಿ ಬಿಟ್ಟರೆ ಅದು ಹಿಮ್ಮುಖವಾಗಿ ಗಿರ್ರನೆ ತಿರುಗಿ ಮಣಿಕಟ್ಟನ್ನು ಮುರಿಯಬಲ್ಲದು. ನಿಮ್ಮದು ಕೈಬಿಟ್ಟಲ್ಲೇ ನಿಲ್ಲುವಂಥದ್ದೋ ಅಲ್ಲವೋ ಎಂಬುದನ್ನು ಕೈಪಿಡಿಯಲ್ಲಿ ಓದಿ ತಿಳಿದಿರಬೇಕು.

ಹಗ್ಗ ಸಡಿಲವಾದರೆ

ಬಿಲ್ಲಿನತ್ತ ಬಾಗುವಾಗ ಬೇಟೆಗಾರ ಕಾಂಡದ ಹತ್ತಿರ ಸರಿಯುತ್ತಾನೆ, ಟೆದರ್ ಸಡಿಲವಾಗುತ್ತದೆ. ಇದು ಗಮನಕ್ಕೇ ಬರುವುದಿಲ್ಲ. ಲೆಕ್ಕ ಹಾಕಿ ನೋಡೋಣ. 70 ಕಿಲೋ ತೂಕದವನು 30 ಸೆಂಟಿಮೀಟರು ಸಡಿಲ ಬಿಟ್ಟುಕೊಂಡು ಬಿದ್ದನೆನ್ನಿ. ಹೆಚ್ಚು ಹಿಗ್ಗದ ಹಗ್ಗ ಅವನನ್ನು 5 ಸೆಂಟಿಮೀಟರಿನಲ್ಲಿ ನಿಲ್ಲಿಸಿತೆನ್ನಿ. ಒಟ್ಟು 35 ಸೆಂಟಿಮೀಟರಿನ ಪತನದ ಶಕ್ತಿಯನ್ನು 5 ಸೆಂಟಿಮೀಟರಿನಲ್ಲಿ ಹೀರಬೇಕು. ಅಂದರೆ ಸರಾಸರಿ ಸೆಳೆತ ತೂಕದ ಏಳು ಪಟ್ಟು, 490 ಕಿಲೋ. ಹಗ್ಗ ಅದನ್ನು ತಾಳುತ್ತದೆ, ಸೊಂಟ ಮತ್ತು ಬೆನ್ನೆಲುಬು ತಾಳಲಿಕ್ಕಿಲ್ಲ. ಸಡಿಲವೇ ಇಲ್ಲದಿದ್ದರೆ ಬೀಳಲು ದೂರವೇ ಇರುವುದಿಲ್ಲ. ನಮ್ಮಲ್ಲಿ ವಿದ್ಯುತ್ ಕಂಬ ಏರುವ ಲೈನ್‌ಮನ್‌ಗೂ, ಸುರಕ್ಷತಾ ಪಟ್ಟಿ ಕಟ್ಟಿಕೊಂಡು ಅಡಿಕೆ ಮರ ಏರುವವರಿಗೂ ಇದೇ ಗಣಿತ ಅನ್ವಯಿಸುತ್ತದೆ.

ಬಿಗಿಯಾದ ಹಗ್ಗಕ್ಕೆ ಬೇರೆಯದೇ ಶತ್ರುವಿದೆ, ಅಲಗು. ಬೇಟೆಯ ಬಾಣದ ಮೊನೆ, ಬ್ರಾಡ್‌ಹೆಡ್, ಕ್ಷೌರದ ಬ್ಲೇಡಿನಷ್ಟು ಹರಿತವಾದ ಎರಡು ಮೂರು ಅಲಗುಗಳ ಕಟ್ಟು. ಸಡಿಲ ಹಗ್ಗ ಅಲಗಿನಡಿ ಸರಿದು ತಪ್ಪಿಸಿಕೊಳ್ಳಬಹುದು. ದೇಹದ ಭಾರ ಹೊತ್ತು ಬಿಗಿದ ಹಗ್ಗದ ಒಂದೊಂದು ನೂಲೂ ಮೊದಲೇ ಎಳೆದಿರುತ್ತದೆ. ಅಲಗು ತಾಗಿದ ಎಳೆ ಕಡಿದು ಹಿಂದೆ ಸರಿದು, ತನ್ನ ಪಾಲಿನ ಭಾರವನ್ನು ಪಕ್ಕದ ಎಳೆಗೆ ದಾಟಿಸುತ್ತದೆ. ಕಾಂಡದ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಲು ಬಿಲ್ಲನ್ನು ಬ್ರಿಡ್ಜ್‌ನ ಆಚೆ ದಾಟಿಸುವಾಗ ಬಾಣ ಹಳಿಯ ಮೇಲಿರಬಾರದು ಎನ್ನುವುದು ಇದಕ್ಕೇ.

ಕೆಲಸದ ಕ್ರಮ

ಇಷ್ಟು ತಿಳಿದ ಮೇಲೆ ಕ್ರಮ ತಾನಾಗಿ ಹೊರಡುತ್ತದೆ. ಮೊದಲು ಉಸಿರು ಹತೋಟಿಗೆ ಬರಲಿ. ಟೆದರ್ ಬಿಗಿಯಾಗಿದೆಯೇ, ಎರಡೂ ಪಾದ ನೆಟ್ಟಗಿವೆಯೇ ನೋಡಬೇಕು. ಹಳಿ ಖಾಲಿ ಇರಬೇಕು, ಬಾಣವಿಟ್ಟುಕೊಂಡು ಬಿಗಿಯುವಂತಿಲ್ಲ. ಬಿಲ್ಲಿನ ಮೂತಿ ಮೈಯಿಂದಲೂ ಹಗ್ಗಗಳಿಂದಲೂ ಆಚೆ ಇರಲಿ. ಕೊಕ್ಕೆಗಳನ್ನು ಹಳಿಯ ಎರಡೂ ಬದಿಗೆ ಸಮನಾಗಿ ಹಾಕಿ, ಹೆದೆ ಸಿಕ್ಕ ಸದ್ದು ಕೇಳುವವರೆಗೆ ತಿರುಗಿಸಬೇಕು. ಸುರಕ್ಷತಾ ಗುಂಡಿ ಬಿದ್ದಿದೆಯೇ ಎಂದು ಕಣ್ಣಿನಿಂದ ನೋಡಿ, ಪಟ್ಟಿ ಅಥವಾ ಹಗ್ಗವನ್ನು ಪೂರ್ತಿ ಬಿಚ್ಚಿ ಚೀಲಕ್ಕೆ ಸೇರಿಸಬೇಕು. ಬಾಣ ಕಟ್ಟಕಡೆಗೆ. ಅದರ ಬಾಲ ಹೆದೆಗೆ ಪೂರ್ತಿ ತಾಗಿ ಕೂರಬೇಕು, ತಯಾರಕರು ಹೇಳಿದ ಮಾದರಿಯ ಬಾಲವೇ ಆಗಿರಬೇಕು.

ಈ ಕೊನೆಯ ಮಾತಿನ ಹಿಂದೆಯೂ ಲೆಕ್ಕವಿದೆ. 26 ಗ್ರಾಂ ಬಾಣ ಸೆಕೆಂಡಿಗೆ 107 ಮೀಟರು ವೇಗದಲ್ಲಿ ಹೊರಟರೆ ಅದು ಸುಮಾರು 149 ಜೂಲ್ ಶಕ್ತಿ ಹೊತ್ತೊಯ್ಯುತ್ತದೆ. ಬಾಣವಿಲ್ಲದೆ, ಅಥವಾ ಬಾಲ ಸರಿಯಾಗಿ ಕೂರದೆ ಹೆದೆ ಬಿಟ್ಟರೆ ಅಷ್ಟೂ ಶಕ್ತಿ ಬಿಲ್ಲಿನ ತೋಳು, ಹೆದೆ, ಚಕ್ರಗಳಿಗೇ ತಿರುಗಿ ಬಡಿಯುತ್ತದೆ. ತೋಳು ಸಿಡಿಯುವುದೂ ಉಂಟು. ಬಹಳಷ್ಟು ಬಿಲ್ಲುಗಳಲ್ಲಿ ಇದನ್ನು ತಡೆಯುವ ಕೊಂಡಿ ಇರುತ್ತದೆ, ಅದನ್ನು ನಂಬಿ ಮೈಮರೆಯುವಂತಿಲ್ಲ. ಬಾಣ ಬಿಡುವ ಮುನ್ನ ನೋಡಬೇಕಾದದ್ದು ಇನ್ನೆರಡು. ತೋಳುಗಳು ಮುಂದಕ್ಕೆ ಬೀಸುವ ಹಾದಿಯಲ್ಲಿ ಕಾಂಡ, ಕೊಂಬೆ, ಟೆದರ್ ಇರಬಾರದು. ಮುಂಗೈಯ ಹೆಬ್ಬೆರಳು ಹಳಿಯ ಮಟ್ಟಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಹೆದೆ ಅದನ್ನು ಕತ್ತರಿಸುತ್ತದೆ. ದಿನದ ಕೊನೆಗೆ ಬಾಣ ತೆಗೆದು ಬತ್ತಳಿಕೆಗೆ ಸೇರಿಸಿ, ಬಿಲ್ಲನ್ನು ಹಗ್ಗದಿಂದ ಕೆಳಗಿಳಿಸಿ, ತಾನೂ ಇಳಿದ ಮೇಲೆ ಮೆತ್ತನೆಯ ಗುರಿಗೆ ಅಭ್ಯಾಸದ ಬಾಣ ಹೊಡೆದು ಬಿಗಿತ ಬಿಡಿಸಬೇಕು. ಹೆದೆಯನ್ನು ಹಿಮ್ಮುಖವಾಗಿ ಸಡಿಲಿಸುವ ಕ್ರ್ಯಾಂಕ್ ಇದ್ದರೆ ಇನ್ನೂ ಒಳ್ಳೆಯದು.

ಒಟ್ಟಿನಲ್ಲಿ ಮೂರು ಮಾತು: ಬಲದ ಸುತ್ತು ಮೈಯೊಳಗೆ ಹಾಯದಿರಲಿ, ಟೆದರ್ ಸಡಿಲದಿರಲಿ, ಬಾಣ ಕೊನೆಗೆ ಬರಲಿ. ಅಮೆರಿಕದಲ್ಲಿರುವ ಓದುಗರು ತಮ್ಮ ರಾಜ್ಯದ ಬೇಟೆ ತರಬೇತಿಯನ್ನು ಪೂರೈಸದೆ, ಅಡ್ಡಬಿಲ್ಲಿನ ನಿಯಮ ತಿಳಿಯದೆ ಇದಕ್ಕೆ ಕೈಹಾಕಬಾರದು. ಪುಸ್ತಕದ ಅಧ್ಯಾಯ ತರಬೇತಿಗೆ ಬದಲಿಯಲ್ಲ. ಮೊದಲ ಅಭ್ಯಾಸ ಮೊಣಕಾಲೆತ್ತರದಲ್ಲಿ ನಡೆಯಲಿ, ಜೊತೆಗೊಬ್ಬ ಬಲ್ಲವರಿರಲಿ. ಇಲ್ಲಿರುವ ಓದುಗರಲ್ಲಿ, ಮುಖ್ಯವಾಗಿ ಮೆಕ್ಯಾನಿಕ್ಸ್ ಓದುವ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ, ನನ್ನದೊಂದು ಬೇಡಿಕೆ. ಏಣಿ, ಕಂಬ, ಅಡಿಕೆ ಮರ, ಕಟ್ಟಡದ ಸಾರುವೆ, ಎಲ್ಲೇ ಆಗಲಿ ಎತ್ತರದಲ್ಲಿ ನಿಂತು ಎಳೆಯುವ, ತಿರುಚುವ, ಕತ್ತರಿಸುವ ಕೆಲಸ ಕಂಡರೆ ಒಂದು ಹಾಳೆಯಲ್ಲಿ ಬಲದ ಸುತ್ತನ್ನು ಬರೆಯಿರಿ. ಅದು ಕೆಲಸಗಾರನ ಮೈಯೊಳಗೆ ಎಲ್ಲಿ ಹಾಯುತ್ತದೆ, ಯಾವ ಕೊಂಡಿ ಜಾರಿದರೆ ಎತ್ತ ಬೀಳುತ್ತಾನೆ ಎಂಬುದನ್ನು ಗುರುತಿಸಿ, ಆ ಸುತ್ತನ್ನು ಉಪಕರಣದೊಳಗೇ ಮುಚ್ಚುವ ದಾರಿ ಹುಡುಕಿ. ಹಲ್ಲುಚಕ್ರವೊಂದರಿಂದ ಕುದುರೆ ಸವಾರರ ಬೆನ್ನು ಉಳಿಸಿದವರು ನಮಗಿಂತ ಹೆಚ್ಚು ಸಲಕರಣೆ ಉಳ್ಳವರಾಗಿರಲಿಲ್ಲ. ನಮ್ಮ ತೋಟ ಮತ್ತು ಕಂಬಗಳ ಕೆಲಸಕ್ಕೆ ಅಂಥ ಉಪಕರಣಗಳು ಇನ್ನೂ ಬೇಕಾಗಿವೆ. ಅವನ್ನು ರೂಪಿಸುವವರು ನೀವೇ ಆಗಬೇಕು.