ಟಿನ್‌ಟಿನ್ ನಾಯಿ ಚಳ್ಳಕೆರೆಗೆ ಬಂದರೆ?

ಟಿನ್‌ಟಿನ್ ಜೊತೆ ಓಡಾಡೋ ಬಿಳಿ ನಾಯಿ ಸ್ನೋಯಿ ಗೊತ್ತಲ್ಲ? ಅದು ವೈರ್ ಫಾಕ್ಸ್ ಟೆರಿಯರ್. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇದನ್ನು ಸಾಕಬಹುದಾ? ಸಾಕಬಹುದು. ಆದರೆ ಮೊದಲು ಇದರ ಹಳೇ ಕೆಲಸ ಏನಂತ ತಿಳ್ಕೋಬೇಕು.

ಬಿಲದಲ್ಲಿ ಅಡಗಿದ ನರಿಯನ್ನು ಹೊರಗೆ ಓಡಿಸೋಕೆ ಇಂಗ್ಲೆಂಡಿನಲ್ಲಿ ಬೆಳೆಸಿದ ತಳಿ ಇದು. ಸುಮಾರು 8 ಕೆಜಿಯ ನಾಯಿ ಒಂಟಿಯಾಗಿ ಬಿಲಕ್ಕೆ ನುಗ್ಗಬೇಕಂದ್ರೆ ಧೈರ್ಯ, ಹಟ, ಸ್ವಂತ ಬುದ್ಧಿ ಎಲ್ಲಾ ಬೇಕು. ಮನೆಯಲ್ಲಿ ಅದೇ ಗುಣ ಅಂಗಳ ಅಗೆಯುತ್ತೆ, ಬೊಗಳುತ್ತೆ, ಕರೆದರೂ ಬರಲ್ಲ. ಹೊಡೆದು ಬಿಡಿಸೋಕಾಗಲ್ಲ, ದಿನಾ ಓಟ, ಆಟ ಬೇಕು.

ನಮ್ಮ ಕಡೆ ಶೇಂಗಾ ಹೊಲದ ಬದುವಿನ ಬಿಲದಲ್ಲಿ ಹಾವಿರಬಹುದು. ದಾರಿಯಲ್ಲಿ ಕುರಿಮಂದೆ ಬರುತ್ತೆ. ಕುರಿಗಾರರ ನಾಯಿ ಮಂದೆ ಕಾಯುತ್ತೆ, ಇದು ಅಟ್ಟಿಸಿಕೊಂಡು ಹೋಗುತ್ತೆ. ಹೊರಗೆ ಹೋದಾಗ ಹಗ್ಗ ಕೈಯಲ್ಲೇ ಇರಲಿ.

ನಾಯಿ ಮೈತಂಪು ಮಾಡಿಕೊಳ್ಳೋದು ಮುಖ್ಯವಾಗಿ ತೇಕಿ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಜಾವವೇ ಓಡಾಡಿಸಬೇಕು. ಒರಟು ಕೂದಲು ಹೆಚ್ಚು ಉದುರಲ್ಲ, ಸತ್ತ ಕೂದಲನ್ನು ಕೈಯಿಂದ ಕಿತ್ತು ತೆಗೀಬೇಕು. ಆಗಲೇ ಉಣ್ಣೆ ಹುಳ ಇದೆಯಾ ನೋಡಿ. ಚರ್ಮದ ಅಲರ್ಜಿ ಈ ತಳಿಗೆ ಬರೋದುಂಟು. ಕಣ್ಣಿನ ಮಸೂರ ಜಾರೋ ಕಾಯಿಲೆಯೂ ಇದೆ: ಕಣ್ಣು ಕೆಂಪಾಗಿ ನೋವಿಂದ ಮುಚ್ಚಿಕೊಂಡ್ರೆ ಅವತ್ತೇ ಪಶುವೈದ್ಯರ ಹತ್ರ ಹೋಗಿ, ತಡವಾದ್ರೆ ದೃಷ್ಟಿ ಹೋಗಬಹುದು. ರೇಬೀಸ್ ಲಸಿಕೆಯಂತೂ ತಪ್ಪಿಸೋ ಹಾಗಿಲ್ಲ.

ಇದು 12ರಿಂದ 15 ವರ್ಷ ಬದುಕೋ ನಾಯಿ. ನಮ್ಮ ಡಿಗ್ರಿ ನಾಲ್ಕೇ ವರ್ಷ. ರಜೆಯಲ್ಲಿ ಮರಿ ತಂದು, ಹಾಸ್ಟೆಲ್ಲಿಗೆ ವಾಪಸ್ ಹೋಗುವಾಗ ಅಮ್ಮನ ಕೈಗೆ ಹಗ್ಗ ಕೊಡೋದಾದ್ರೆ, ಮೊದಲು ಅಮ್ಮನನ್ನೇ ಕೇಳೋಣ.