ಕುರಿಯ ಕಾಡಿನ ಬಳಗ

ಓಣಿಯಾಗ ಕುರಿ ನೋಡಿದವ್ರಿಗೆ ಒಂದು ಪ್ರಶ್ನಿ: ದಕ್ಷಿಣ ಭಾರತದ ಕಾಡಿನಾಗ ಈ ಕುರಿಗೆ ಹತ್ತಿರದ ಬಳಗ ಯಾವುದು?

ನೀಲಗಿರಿ ತಾರ್. ನೋಡ್ಲಿಕ್ಕ ಆಡಿನಂಗ, ವಂಶವಾಹಿ ನೋಡಿದ್ರ ಕುರಿಗೇ ಹತ್ತಿರ! ಕರ್ನಾಟಕದಾಗ ಈಗ ಇಲ್ರಿ. ತಮಿಳುನಾಡು, ಕೇರಳದ ಘಟ್ಟದ ಮೇಲಿನ ಹುಲ್ಲುಗಾವಲು, ಕಡಿದಾದ ಬಂಡೆಗಳೇ ಇದರ ನೆಲಿ.

2025ರಾಗ ಎರಡೂ ರಾಜ್ಯ ಕೂಡಿ ಎಣಿಸಿದ್ರ ಸಿಕ್ಕಿದ್ದು 2,668. ಮುನ್ನಾರ್ ಹತ್ರದ ಎರವಿಕುಲಂ ಉದ್ಯಾನದಾಗೇ 841.

ಅಂಕಿ ನೋಡಿ ಹಿಗ್ಗಬ್ಯಾಡ್ರಿ. ಇವೆಲ್ಲಾ ಒಂದೇ ಹಿಂಡಲ್ಲ. ನಡುವ ಚಹಾ ತೋಟ, ನೀಲಗಿರಿ ಮರ, ವ್ಯಾಟಲ್ ಗಿಡ, ರಸ್ತಾ. ಒಂದು ಗುಡ್ಡದ ಹೋತ ಇನ್ನೊಂದು ಗುಡ್ಡಕ್ಕ ದಾಟೋದೇ ಕಷ್ಟ. ಹಿಂಡು ಸಣ್ಣದಾದಷ್ಟು ರಕ್ತಸಂಬಂಧದಾಗೇ ಕೂಡೋದು ಜಾಸ್ತಿ. ಒಂದು ರೋಗ ಬಂದ್ರ ಆ ಗುಡ್ಡನೇ ಖಾಲಿ ಆಗಬಹುದು. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕ ಒಂದೇ ಮರಿ ಹಾಕ್ತದ. ಕಳಕೊಂಡಿದ್ದು ಲಗೂನ ತುಂಬಂಗಿಲ್ಲ.

ಹಂಗಾಗಿ ಬರೇ ಬೇಟಿ ತಡದ್ರ ಸಾಲದು, ನೀಲಗಿರಿ, ವ್ಯಾಟಲ್‌ನಂಥ ಹೊರಗಿನ ಗಿಡ ಕಿತ್ತು ಹುಲ್ಲು ಮರಳಿ ಬೆಳಸಬೇಕು. ತಮಿಳುನಾಡು 2023ರಾಗ ತಾರ್ ಉಳಿಸ್ಲಿಕ್ಕಂತನೇ ಯೋಜನೆ ಶುರು ಮಾಡ್ಯಾದ.

ಮರಿ ಹಾಕೋ ಕಾಲ, ಅಂದ್ರ ಫೆಬ್ರುವರಿ–ಮಾರ್ಚ್‌ನಾಗ, ಎರವಿಕುಲಂ ಪ್ರವಾಸಿಗರಿಗೆ ಮುಚ್ಚಿರ್ತದ. ಮುನ್ನಾರ್‌ಗೆ ಹೊಂಟವ್ರು ತಾರೀಖು ನೋಡ್ಕೊಂಡು ಟಿಕೆಟ್ ತೆಗೀರಿ.